ಸೋತ ಬೆವರು ತೊಳೆಯಬೇಕು

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿಗೆ ಕೂತರೆ, ದಿನಾ ನನ್ನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಎರಡು ಪಾದಗಳು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿದ್ದ ಜಾಗದಲ್ಲಿ ಹುಣಸೆ ಬೀಜದ ಹಾಗೆ ಗಟ್ಟಿಯಾದ, ಕಪ್ಪಗೆ ಹೊಳೆಯುವ ಚರ್ಮ. ಕೆಳಗಿನವರ ನಿದ್ದೆ ಕೆಡಬಾರದೆಂದು ಬೂಟುಗಳನ್ನು ಕೈಯಲ್ಲಿ ಹಿಡಿದು, ಮಹಡಿಯ ಮೆಟ್ಟಿಲನ್ನು ಬರಿಗಾಲಲ್ಲಿ ಇಳಿದು, ನಾನಿಟ್ಟ ಚುಕ್ಕಿಗಳಲ್ಲಿ ಒಂದನ್ನೂ ತುಳಿಯದೆ ದಾಟಿ, ಗೇಟಿನ ಹೊರಗೆ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದರು ನಮ್ಮ ಮಹಡಿಯ ಕೋಚ್.

ಆ ಭಾನುವಾರವೂ ಹಾಗೆಯೇ ಇಳಿದು ಬಂದರು. ಹಾಲಿನ ಪ್ಯಾಕೆಟ್ಟುಗಳು ಇನ್ನೂ ಗೇಟಿಗೆ ನೇತಾಡುತ್ತಿದ್ದವು. ಒಳಗೆ ಅತ್ತೆ ಬೆಳಗಿನ ಕೆಮ್ಮು ಮುಗಿಸಿ ಕಾಫಿಗೆ ಕೂಗುವುದರಲ್ಲಿದ್ದರು. ಕೋಚ್ ಹೆಗಲ ಮೇಲೆ ಖಾಕಿ ಬಣ್ಣದ ದೊಡ್ಡ ಚೀಲ. ಎಂದೂ ನಿಲ್ಲದವರು ಅವತ್ತು ನನ್ನ ಪಕ್ಕ ನಿಂತರು.

"ಅಕ್ಕಾರ, ಇವತ್ತೊಂದಿನ ಮೈದಾನಕ್ಕ ಬರ್ರಿ. ನಮ್ಮ ಕಡೆ ಕುಂದ್ರಾಕ ಒಬ್ರರ ಬೇಕಲ್ರಿ."

ಆ ಚೀಲದೊಳಗೆ ಏನಿದೆ ಎಂದು ಆ ಹೊತ್ತಿಗೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. "ಬರ್ತೀನಿ" ಅಂದೆ. ಕೈಯಲ್ಲಿದ್ದ ರಂಗೋಲಿ ಪುಡಿ ಒಂದೇ ಕಡೆ ಸುರಿದು ಗುಡ್ಡೆಯಾಗಿತ್ತು.

ನಮ್ಮದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಓಣಿ. ಮಾವನವರ ಕಾಲಕ್ಕೆ ಅಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದರಂತೆ. ಶಿವಾಜಿನಗರದ ಕಾನ್ವೆಂಟಿನಲ್ಲಿ ಓದಿ ಬೆಳೆದ ನಾನು ಸೊಸೆಯಾಗಿ ಬರುವ ಹೊತ್ತಿಗೆ ಹೊಲದ ಮೇಲೆ ಮನೆ, ಮನೆಯ ಮೇಲೆ ನಾಲ್ಕು ಬಾಡಿಗೆ ಕೋಣೆಗಳು ಎದ್ದಿದ್ದವು. ಮೂರರಲ್ಲಿ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು, ನಾಲ್ಕನೆಯದರಲ್ಲಿ ಕೋಚ್. ಅವರೂ ಆ ಕಡೆಯವರೇ. ಕಲ್ಲು ಹೊರುವ ಅಪ್ಪ ಅಮ್ಮನ ಜೊತೆ ಸಣ್ಣ ಹುಡುಗನಾಗಿ ಬಂದು, ಹಲಸೂರಿನ ಗೌತಮಪುರದ ಗಲ್ಲಿಗಳಲ್ಲಿ ಬರಿಗಾಲಲ್ಲಿ ಚೆಂಡು ಒದೆಯುತ್ತ ಬೆಳೆದವರು. ಆ ಉಗುರು ಅಲ್ಲೇ ಯಾವುದೋ ಚರಂಡಿಯ ಚಪ್ಪಡಿಗೆ ಹೋಗಿತ್ತು. ಮಾತೂ ಅಲ್ಲಿಯದೇ. ಊರಿನ ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದರೆ ತಮಿಳಿಗೆ, ಬೇಸರವಾದರೆ ದಖನಿ ಉರ್ದುವಿಗೆ ಜಾರುತ್ತಿತ್ತು. ಮೆಚ್ಚಿಗೆ ಮಾತ್ರ ಇಂಗ್ಲಿಷಿನಲ್ಲಿ, ಅದೂ ಒಂದೇ ಪದ: "ಕ್ಲೀನ್!"

ದಂಡು ಪ್ರದೇಶದ ಒಂದು ಕಾಲೇಜಿನಲ್ಲಿ ಅವರು ಫುಟ್‌ಬಾಲ್ ಕಲಿಸುತ್ತಿದ್ದರು. ಕೆಲಸ ಕಾಯಂ ಅಲ್ಲ, ವರ್ಷವರ್ಷವೂ ಹೊಸ ಕಾಗದ. ಮದುವೆಯಾಗಿರಲಿಲ್ಲ. ಅತ್ತೆ ಕಂಡಾಗಲೆಲ್ಲ, "ಒಂದ್ ಮದ್ವೆ ಮಾಡ್ಕಳಪ್ಪ, ವಯಸ್ಸು ನಿಂತ್ಕಳಲ್ಲ" ಅನ್ನೋರು. ಅವರು ಕೈಮುಗಿದು, "ಹನ್ನೊಂದು ಮಂದೀನ್ನ ಸಂಭಾಳಿಸೂದೇ ಆಗವಲ್ದು ಅಮ್ಮಾ, ಹನ್ನೆರಡನೇದು ಯಾಕ್ರಿ" ಅನ್ನುತ್ತಿದ್ದರು.

ಪಂದ್ಯದ ಹಿಂದಿನ ದಿನ ರಸೆಲ್ ಮಾರುಕಟ್ಟೆಗೆ ಹೋಗಿ ನಿಂಬೆಹಣ್ಣು ತರುವುದು ಅವರ ವ್ರತ. ಆಟದ ನಡುವೆ ಹುಡುಗರಿಗೆ ಚೀಪಲು ಕೊಡುವುದಕ್ಕೆ. ತಿಪ್ಪಸಂದ್ರದಲ್ಲೇ ನಿಂಬೆ ರಾಶಿ ಬಿದ್ದಿರುವಾಗ ಅಷ್ಟು ದೂರ ಯಾಕೆ ಎಂದರೆ, "ಅಲ್ಲಿನ ಬೂಬಮ್ಮ ಒಂದೊಂದ ಕೈಯಾಗ ಹಿಡಿದು ಆರಿಸಾಕ ಬಿಡ್ತಾಳ್ರಿ" ಅನ್ನುತ್ತಿದ್ದರು. ಬರುವಾಗ ನಮ್ಮ ದೇವರ ಗೂಡಿಗೆಂದು ಒಂದು ಹಿಡಿ ಸೇವಂತಿಗೆಯೂ ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿತ್ತು. ಆ ಹೂವಿಗೆ ಯಾವಾಗಲೂ ಸ್ವಲ್ಪ ನಿಂಬೆಯ ವಾಸನೆ.

ಇನ್ನೊಂದು ಅಭ್ಯಾಸ ಜರ್ಸಿ ಒಗೆಯುವುದು. ಕಾಲೇಜಿನಲ್ಲಿ ಧೋಬಿ ಇದ್ದರೂ ಇವರು ಕೊಡುತ್ತಿರಲಿಲ್ಲ. ಪಂದ್ಯ ಮುಗಿಸಿ ಬಂದ ಸಂಜೆಯೇ, ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ, ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು. ತಣ್ಣೀರು, ಬಾರ್ ಸೋಪು. ಮೆರೂನ್ ಜರ್ಸಿಗಳು ಒಂದು ಬಕೆಟ್ಟಿಗೆ, ಬಿಳಿ ಚಡ್ಡಿಗಳು ಇನ್ನೊಂದಕ್ಕೆ. ಒಂದೊಂದನ್ನೂ ಹಿಂಡಿ, ಕೊಡವಿ, ಮಹಡಿಯ ತಂತಿಗೆ ಒಂದರಿಂದ ಹನ್ನೊಂದರವರೆಗೆ ಸಾಲಾಗಿ ಹಾಕುತ್ತಿದ್ದರು. "ಸೋತ ಬೆವರು ತೊಳೀಬೇಕ್ರಿ ಅಕ್ಕಾರ. ಮೈಯಾಗ ಉಳೀಬಾರದು" ಎಂದು ಒಮ್ಮೆ ಹೇಳಿದ್ದರು. ಅದು ಅರ್ಧ ಮಾತು ಎಂದು ನನಗಾಗ ಗೊತ್ತಿರಲಿಲ್ಲ.

ಅವರು ನಮ್ಮಲ್ಲಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ಆಟದ ಋತು ಶುರುವಾಗುವ ಮೊದಲು. ಆ ಋತುವಿನಲ್ಲಿ ಅವರ ತಂಡ ಬರೀ ಸೋತಿತು. ಚೆನ್ನಾಗಿ ಆಡುತ್ತಿದ್ದ ಇಬ್ಬರು ಹುಡುಗರು ಓದು ಮುಗಿಸಿ ಹೋಗಿದ್ದರು. ಉಳಿದವರಲ್ಲಿ ಅರ್ಧ ಜನ ಟ್ಯೂಷನ್ ತಪ್ಪಿಸಿಕೊಂಡು ಬರುವವರು, ಇನ್ನರ್ಧ ಅಭ್ಯಾಸ ತಪ್ಪಿಸಿಕೊಂಡು ಟ್ಯೂಷನ್ನಿಗೆ ಹೋಗುವವರು. ಮೊದಲ ಪಂದ್ಯ, ಎರಡನೆಯದು, ಮೂರನೆಯದು. ಪ್ರತಿ ಸೋಲಿಗೂ ನಮ್ಮ ಮಹಡಿಯಲ್ಲಿ ಹನ್ನೊಂದು ಜರ್ಸಿ ತೂಗಾಡುತ್ತಿದ್ದವು. ಎದುರು ಮನೆಯ ಮಹಡಿಯಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದ ಆಂಟಿ, ಹಲಸೂರಲ್ಲಿ ಹುಟ್ಟಿ ಬೆಳೆದ ಬಾಯಿಯವರು, ಅಲ್ಲಿಂದಲೇ ಕೂಗುತ್ತಿದ್ದರು: "ಅಯ್ಯೋ ಕಡವುಳೇ, ಇವತ್ತೂ ಅವುಟ್ಟಾ? ನಮಗೆ ಪೇಪರ್ ಯಾಕಮ್ಮಾ, ನಿಮ್ ತಂತಿ ನೋಡಿದ್ರೆ ಸಾಕು!"

ನಾನು ನಗುತ್ತಿದ್ದೆ. ಆಮೇಲಾಮೇಲೆ ನಗು ಬರುತ್ತಿರಲಿಲ್ಲ. ಒಣಗಿದ ಬಟ್ಟೆ ಮಡಚುವಾಗ ಹರಿದದ್ದು ಕಂಡರೆ ಹೊಲಿದು ಕೊಡುತ್ತಿದ್ದೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು, ಹೊಲಿದದ್ದು ಹೊರಗೆ ಕಾಣಬಾರದು, ಗಂಟು ಒಳಗಿರಬೇಕು ಎಂದು. ಗೋಲು ಕಾಯುವ ಕೆ.ಆರ್.ಪುರದ ಹುಡುಗನ ಜರ್ಸಿಯ ಮೊಣಕೈ ಒಂದನ್ನೇ ನಾಲ್ಕು ಸಲ ಹೊಲಿದಿದ್ದೇನೆ. ಆ ಹುಡುಗ ಜರ್ಸಿ ಒಯ್ಯಲು ಬಂದಾಗ, "ಆಂಟಿ, ಬೀಳೋದು ನಾನು, ಏಟಾಗೋದು ನಿಮ್ಮ ಸೂಜಿಗೆ" ಅನ್ನುತ್ತಿದ್ದ. ಕೋಚ್ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಗಂಟು ಸಿಗದೆ, "ಕ್ಲೀನ್" ಅನ್ನುತ್ತಿದ್ದರು.

ಏಳನೆಯ ಸೋಲಿನ ಮರುದಿನ ಅವರು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಟೀ ಕುಡಿಯುತ್ತ, ಲೋಟದ ತಳವನ್ನೇ ನೋಡುತ್ತ ಹೇಳಿದರು. ಪ್ರಿನ್ಸಿಪಾಲರು ಕರೆದು ಹೇಳಿದ್ದಾರೆ, ಈ ಸಲ ಒಂದೇ ಒಂದು ಪಂದ್ಯವಾದರೂ ಗೆಲ್ಲದಿದ್ದರೆ ಫುಟ್‌ಬಾಲ್ ತಂಡವನ್ನೇ ನಿಲ್ಲಿಸುತ್ತಾರೆ. ಆಡುವ ಮೈದಾನದಲ್ಲಿ ಕಂಪ್ಯೂಟರ್ ಕಟ್ಟಡ ಏಳುತ್ತದೆ. ಇವರ ಕಾಗದವೂ ಅಲ್ಲಿಗೆ ಮುಗಿಯಿತು.

"ಬೇರೆ ಕಾಲೇಜು ಇಲ್ವಾ?" ಅಂದೆ.

"ನಲವತ್ತೇಳು ನನಗ. ಮೊಣಕಾಲು ಎರಡೂ ಹೋಗ್ಯಾವ. ಓದಿದ್ದು ಆರನೇ ಕ್ಲಾಸ. ಯಾರ್ ಕರೀತಾರ್ರಿ?" ಎಂದು ಲೋಟವನ್ನು ತಾವೇ ತೊಳೆದಿಟ್ಟರು. "ಇನ್ನಾ ಎರಡು ಆಟ ಅದಾವ. ನೋಡೂಣು."

ಎಂಟನೆಯ ಆಟ ಒಂದು ಶುಕ್ರವಾರ. ಅವತ್ತು ಸಂಜೆ ಮೆಟ್ಟಿಲು ಹತ್ತುವ ಸದ್ದಿನ ಬದಲು ನಮ್ಮ ಬಾಗಿಲು ತಟ್ಟುವ ಸದ್ದು. ಕೈಯಲ್ಲಿ ಜಿಲೇಬಿಯ ಪೊಟ್ಟಣ. "ಡ್ರಾ ಆತ್ರೀ ಅಕ್ಕಾರ! ಡ್ರಾ!"

ಅತ್ತೆ ಒಳಗಿಂದ, "ಡ್ರಾ ಅಂದ್ರೆ ಗೆದ್ದಂಗೋ ಸೋತಂಗೋ?" ಅಂದರು.

"ಸೋಲಲಿಲ್ಲ ಅಂದಂಗ್ರಿ ಅಮ್ಮಾ!"

ಆ ಮುಖದಲ್ಲಿ ಅಷ್ಟು ಹಲ್ಲು ಇವೆಯೆಂದು ನಮಗೆ ತಿಳಿದದ್ದೇ ಅವತ್ತು. ಖಾಕಿ ಚೀಲವನ್ನು ಒಗೆಯುವ ಕಲ್ಲಿನ ಪಕ್ಕದ ಗೂಟಕ್ಕೆ ತಗುಲಿಹಾಕಿ, ಸಿಳ್ಳೆ ಹೊಡೆಯುತ್ತ ಮೇಲೆ ಹೋದರು. ಒಗೆಯಲಿಲ್ಲ.

ಶನಿವಾರ ಬೆಳಿಗ್ಗೆ ಅವರು ಹುಡುಗರಿಗೆ ಅಭ್ಯಾಸ ಮಾಡಿಸಲು ಹೋದರು, ಅಲ್ಲಿಂದ ರಸೆಲ್ ಮಾರುಕಟ್ಟೆ. ಕೊನೆಯ ಆಟ ಮರುದಿನವೇ. ನಾನು ಹಿತ್ತಲಿಗೆ ಹೋದಾಗ ಚೀಲ ಕಂಡಿತು. ಪಾಪ, ಖುಷಿಯಲ್ಲಿ ಮರೆತಿದ್ದಾರೆ, ಇವತ್ತು ಬರುವುದು ತಡವಾಗುತ್ತೆ, ನಾಳೆಗೆ ಒಣಗಬೇಡವೇ ಅಂದುಕೊಂಡೆ. ಅತ್ತೆಯ ಎಣ್ಣೆನೀರಿಗೆಂದು ಹಂಡೆ ಕಾದಿತ್ತು. ಅವರ ಸ್ನಾನ ಮುಗಿದು ಅರ್ಧ ಹಂಡೆ ಉಳಿದಿತ್ತು. ಬಿಳಿ ಬಟ್ಟೆ ಎಂದರೆ ಕುದಿಯುವ ನೀರು, ಸೋಡಾ. ಇದೂ ಕಾನ್ವೆಂಟಿನಲ್ಲೇ ಕಲಿತದ್ದು. ಕೆಂಪು, ಬಿಳಿ ಬೇರೆ ಮಾಡಬೇಕೆಂದು ಗೊತ್ತಿಲ್ಲದವಳಲ್ಲ ನಾನು. ಆದರೆ ಅಷ್ಟು ಸಲ ಒಗೆದ ಜರ್ಸಿ, ಬಿಡುವ ಬಣ್ಣವನ್ನೆಲ್ಲ ಯಾವತ್ತೋ ಬಿಟ್ಟಿರುತ್ತದೆ ಎಂದು ಎಲ್ಲವನ್ನೂ ಕುದಿನೀರಿನ ಒಂದೇ ಬಾನಿಯಲ್ಲಿ ಮುಳುಗಿಸಿ, ಮುಚ್ಚಳ ಮುಚ್ಚಿ, ಮಗಳಿಗೆ ತಲೆ ಬಾಚಲು ಹೋದೆ.

ಮುಚ್ಚಳ ತೆಗೆದಾಗ ನೀರು ಬೀಟ್‌ರೂಟ್ ಬೇಯಿಸಿದ ಹಾಗಿತ್ತು. ಹನ್ನೊಂದು ಬಿಳಿ ಚಡ್ಡಿಗಳೂ ಗುಲಾಬಿ.

ತಣ್ಣೀರಲ್ಲಿ ಜಾಲಿಸಿದೆ. ನಿಂಬೆ ಹಿಂಡಿದೆ. ಬಿಸಿಲಿಗೆ ಹಾಕಿದರೆ ಹೋಗುತ್ತದೇನೋ ಎಂದು ಮಹಡಿಗೆ ಒಯ್ದೆ. ಎದುರು ಮನೆ ಆಂಟಿ ನೋಡಿದರು.

"ಮತ್ತೆ ಸೋತ್ರಾ? ನಿನ್ನೆ ಏನೋ ಸ್ವೀಟ್ ಹಂಚಿದ್ರು ಅಂದ್ರು?"

"ಇಲ್ಲ ಆಂಟಿ, ಡ್ರಾ. ಇದು ನಾನೇ ಒಗೆದೆ."

"ಒಗೆದ್ರೆ ನಮಗೆ ಸೋತಂಗೇ ಕಾಣತ್ತಮ್ಮಾ" ಎಂದು ಅವರು ನಕ್ಕರು.

ಮಧ್ಯಾಹ್ನ ಕೋಚ್ ಬಂದರು. ನಿಂಬೆಹಣ್ಣಿನ ಚೀಲ ಕೈಯಲ್ಲೇ ಇತ್ತು. ಮೆಟ್ಟಿಲ ತುದಿಯಲ್ಲಿ ನಿಂತು ತಂತಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. ಬಣ್ಣ ಅವರಿಗೆ ಮೊದಲು ಕಾಣಿಸಲೇ ಇಲ್ಲ ಅನಿಸುತ್ತದೆ.

"ತೊಳದ್‌ಬಿಟ್ರ್ಯಾ?"

"ನೀವು ಮರೆತಿದ್ರಿ ಅಂತ..."

"ಮರ್ತಿರಲಿಲ್ರಿ" ಅಂದರು. ತುಂಬ ಮೆಲ್ಲಗೆ. "ಸೋತ ಬೆವರು ತೊಳೀಬೇಕು. ಸೋಲದ ಬೆವರು ತೊಳೀಬಾರದು. ಗೌತಮಪುರದಾಗ ನಮ್ಮ ಉಸ್ತಾದರು ಹೇಳಿಕೊಟ್ಟಿದ್ದು. ಅದೇ ಅಂಗಿ ಹಾಕ್ಕೊಂಡು ಮುಂದಿನ ಆಟಕ್ಕ ಇಳೀಬೇಕು."

ಇಡೀ ಋತುವಿನಲ್ಲಿ ಆ ಉಳಿದರ್ಧ ಮಾತು ನನ್ನ ಕಿವಿಗೆ ಬೀಳುವ ಸಂದರ್ಭವೇ ಬಂದಿರಲಿಲ್ಲ. ಒಂದು ಸಲ ಸೋಲದೆ ಇದ್ದಿದ್ದರೂ ನನಗೆ ಗೊತ್ತಿರುತ್ತಿತ್ತು.

ನಾನು ಅಳುವುದಕ್ಕೆ ಶುರುಮಾಡಿದೆ. ಹೊಸ ಚಡ್ಡಿ ಕೊಡಿಸುತ್ತೇನೆ, ಈಗಲೇ ಅಂಗಡಿಗೆ ಹೋಗೋಣ ಅಂದೆ. "ಹನ್ನೊಂದು ಒಂದೇ ನಮೂನಿದು ಎಲ್ಲಿ ಸಿಗತಾವ್ರಿ? ಕಾಲೇಜಿನ ಮುದ್ರಿ ಬ್ಯಾರೆ ಬೇಕು. ಇರ್ಲಿ ಬಿಡ್ರಿ. ಬಟ್ಟಿ ಏನ್ ಆಡ್ತದ, ಆಡೂದು ಕಾಲು" ಎಂದರು. ಒಂದು ಚಡ್ಡಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ಮತ್ತೆ ತಂತಿಗೆ ಹಾಕಿ, ಅದರ ಸುಕ್ಕನ್ನು ಅಂಗೈಯಲ್ಲಿ ಸವರಿದರು. ಆಮೇಲೆ ಮರೆಯದೆ ಸೇವಂತಿಗೆಯ ಪೊಟ್ಟಣ ಕೊಟ್ಟರು.

ಭಾನುವಾರ ಮಧ್ಯಾಹ್ನ ನಾನು ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಹಲಸೂರು ಕೆರೆಯ ಆಚೆಗಿನ ಮೈದಾನಕ್ಕೆ ಬಸ್ಸಿನಲ್ಲಿ ಹೋದೆ. ಹೆಚ್ಚಿದ ನಿಂಬೆಹೋಳಿನ ಸ್ಟೀಲ್ ಡಬ್ಬಿ ನನ್ನ ಕೈಗೆ ಬಂತು. ನಮ್ಮ ಕಡೆ ನಿಜವಾಗಿಯೂ ಯಾರೂ ಇರಲಿಲ್ಲ. ಆಚೆ ಕಡೆ ಐವತ್ತು ಅರವತ್ತು ಹುಡುಗರು, ಎರಡು ತಮಟೆ.

ನಮ್ಮ ಹುಡುಗರು ಇಳಿದರು. ಒಂದು ಕ್ಷಣ ತಮಟೆ ನಿಂತಿತು.

"ಏಯ್! ರೋಸ್ ಮಿಲ್ಕ್ ಬಂತು ಕಣ್ರೋ!"

"ಗುರು, ಒಂದ್ ಗ್ಲಾಸ್ ಕೊಡು, ಐಸ್ ಜಾಸ್ತಿ!"

"ಮಗಾ, ನಿಮ್ ಅಕ್ಕನ್ ಚಡ್ಡಿನೇನೋ ಅದು?"

ತಮಟೆ ಆ ಹೆಸರಿಗೇ ತಾಳ ಹಿಡಿಯಿತು. ರೋಸ್ ಮಿಲ್ಕ್, ರೋಸ್ ಮಿಲ್ಕ್. ನಮ್ಮ ಹುಡುಗರು ಹದಿನೆಂಟು ಹತ್ತೊಂಬತ್ತರವರು, ನಾಚಿಕೆಯ ವಯಸ್ಸು. ಒಬ್ಬೊಬ್ಬರೂ ಒಂದು ಕೈಯಲ್ಲಿ ಜರ್ಸಿಯನ್ನು ಕೆಳಗೆ ಎಳೆಯುತ್ತ ಓಡುತ್ತಿದ್ದರು, ಚಡ್ಡಿ ಮುಚ್ಚಲಿ ಎಂದು. ಗೆರೆಯ ಮೇಲೆ ನಿಂತ ಕೋಚ್, "ಕೈ ಬಿಡ್ರೋ! ಕೈ ಬಿಟ್ಟು ಓಡ್ರೋ!" ಎಂದು ಕೂಗುತ್ತಲೇ ಇದ್ದರು. ಆದರೂ ಅರ್ಧ ಆಟದವರೆಗೆ ಯಾರಿಗೂ ಗೋಲಿಲ್ಲ. ಹುಡುಗರು ನಿಂಬೆ ಚೀಪಿದರು. ಕೋಚ್ ಒಬ್ಬೊಬ್ಬರ ಭುಜ ಹಿಡಿದು, "ಒಂದು. ಒಂದೇ ಒಂದು ಸಾಕು" ಅಂದರು.

ಆ ಒಂದು ಬಂದೇಬಿಟ್ಟಿತ್ತು. ಎಡಗಡೆ ಓಡುವ ತೆಳ್ಳನೆಯ ಹುಡುಗ ಒಬ್ಬನೇ ಚೆಂಡಿನ ಜೊತೆ ಗೋಲಿನ ಮುಂದೆ. ನಾನು ಡಬ್ಬಿ ಹಿಡಿದೇ ಎದ್ದು ನಿಂತೆ. ಆಚೆಯವರೆಲ್ಲ ಒಟ್ಟಿಗೆ, "ಬಿಚ್ಕೊಳ್ತು, ಚಡ್ಡಿ ಬಿಚ್ಕೊಳ್ತು!" ಎಂದು ಕಿರುಚಿದರು. ಆ ಹುಡುಗನ ಎಡಗೈ ತಾನಾಗಿ ಜರ್ಸಿಗೆ ಹೋಯಿತು. ಅಷ್ಟೇ. ಅರ್ಧ ಹೆಜ್ಜೆ ತಪ್ಪಿತು, ಚೆಂಡು ಅವನ ಕಾಲಡಿಯಿಂದ ಉರುಳಿಹೋಯಿತು. ಅದೇ ಚೆಂಡನ್ನು ಎದುರು ತಂಡದವರು ಈ ತುದಿಯವರೆಗೆ ಒಯ್ದು ನಮ್ಮ ಗೋಲಿಗೆ ಹೊಡೆದರು. ಕೆ.ಆರ್.ಪುರದ ಹುಡುಗ ಹಾರಿ ಬಿದ್ದ. ನಾನು ಹೊಲಿದ ಮೊಣಕೈ ಹರಿದದ್ದು ಅಷ್ಟು ದೂರಕ್ಕೂ ಕಂಡಿತು. ಆಮೇಲೆ ಇನ್ನೊಂದು ಗೋಲು. ಅದನ್ನು ನಾನು ನೋಡಲಿಲ್ಲ.

ಆಟ ಮುಗಿದ ಮೇಲೆ ಕಾಲೇಜಿನ ಕ್ರೀಡಾ ವಿಭಾಗದ ಲೆಕ್ಚರರ್ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. "ಏನ್ರೀ ಇದು? ಸೋಲೋದು ಹೋಗ್ಲಿ, ಈ ನಾಟಕದ ಕಂಪನಿ ವೇಷ ಯಾರ ಐಡಿಯಾ? ಯಾರು ಮಾಡಿದ್ದು ಇದನ್ನ?"

ಹುಡುಗರೆಲ್ಲ ಹುಲ್ಲಿನ ಮೇಲೆ ಕೂತಿದ್ದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ.

"ನಾನೇ ಸರ್" ಅಂದರು ಕೋಚ್. "ಬಿಸಿನೀರಾಗ ಹಾಕಿದೆ. ತಿಳೀಲಿಲ್ಲ."

"ಇಪ್ಪತ್ತು ವರ್ಷ ಬಟ್ಟೆ ಒಗೆದವರಿಗೆ ತಿಳೀಲಿಲ್ಲ!"

ತೆಳ್ಳನೆಯ ಹುಡುಗ ತಲೆ ಎತ್ತಿ ಕೋಚ್ ಕಡೆ ನೋಡಿದ. ಆ ನೋಟ ನನಗೆ ಸೇರಬೇಕಾದದ್ದು. ಚಿಕ್ಕಂದಿನಲ್ಲಿ ಕ್ಲಾಸಿನಲ್ಲಿ ಶಾಯಿ ಚೆಲ್ಲಿದ್ದರೆ ಸಿಸ್ಟರ್, "ಮಾಡಿದವರು ಎದ್ದು ನಿಲ್ಲಿ" ಅನ್ನುತ್ತಿದ್ದರು, ನಾನು ಎದ್ದು ನಿಲ್ಲುತ್ತಿದ್ದೆ. ಅವತ್ತು ಮೈದಾನದಲ್ಲಿ ನಾನು ನಿಂತೇ ಇದ್ದೆ. ಅಷ್ಟು ಗಂಡಸರ ನಡುವೆ, ತಿಪ್ಪಸಂದ್ರದ ಮನೆಯ ಸೊಸೆ, ಕಾಲೇಜಿನ ಹುಡುಗರ ಚಡ್ಡಿ ಒಗೆದೆ ಎಂದು ಹೇಳುವುದಕ್ಕೆ ನಾಚಿಕೆಯಾಯಿತು. ಇದೇ ಕಾರಣ. ಇದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ.

"ಚೀಲ ಇಲ್ಲೇ ಇಟ್ಟು ಹೋಗಿ" ಅಂದರು ಲೆಕ್ಚರರ್. "ಜರ್ಸಿ ಕಾಲೇಜಿನದು. ಇನ್ನು ನಿಮಗೆ ಅದರ ಕೆಲಸ ಇಲ್ಲ."

ಹುಡುಗರು ಬಟ್ಟೆ ಬದಲಾಯಿಸಿ ಒಂದೊಂದಾಗಿ ಚೀಲಕ್ಕೆ ಹಾಕಿದರು. ಕೋಚ್ ಅದರ ಬಾಯಿ ಕಟ್ಟಿ ಅಲ್ಲೇ ಬಿಟ್ಟರು. ಬಸ್ಸಿನಲ್ಲಿ ಅವರ ಹೆಗಲು ಖಾಲಿ. ಆದರೂ ಅಭ್ಯಾಸಕ್ಕೆ ಬಲಗಡೆ ಒಂದಿಷ್ಟು ವಾಲಿಕೊಂಡೇ ಕೂತಿದ್ದರು.

"ನೀವ್ಯಾಕೆ ಸುಳ್ಳು ಹೇಳಿದ್ರಿ?" ಎಂದೆ, ಇಂದಿರಾನಗರ ದಾಟಿದ ಮೇಲೆ.

"ಹುಡುಗ್ರಿಗೆ ಬೈಯಾಕ ಒಬ್ಬ ಬೇಕ್ರಿ ಅಕ್ಕಾರ. ಇಲ್ಲಂದ್ರ ಆ ಹುಡುಗ ತನಗ ತಾನೇ ಬೈಕೋತಾನ, ಜನ್ಮಪೂರ್ತಿ. ಕೋಚ್ ಅನ್ನಾವ ಅದಕ್ಕೇ ಇರಾವ." ಕಿಟಕಿಯ ಕಡೆ ತಿರುಗಿ, "ಆದ್ರ ಈ ಸಲ ಗೆಲ್ತಿದ್ವಿ" ಎಂದರು, ನನಗಲ್ಲ, ಗಾಜಿಗೆ.

ಕಾಲೇಜಿನಿಂದ ಹೊಸ ಕಾಗದ ಬರಲಿಲ್ಲ. ಎರಡು ತಿಂಗಳಲ್ಲಿ ಅವರು ಕೋಣೆ ಬಿಟ್ಟರು. ಕಲ್ಯಾಣ ನಗರದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲಿಗೆ ಸೇರಿದರಂತೆ. ಹೋಗುವಾಗ ರಂಗೋಲಿ ದಾಟಿಯೇ ಹೋದರು. ಮೊದಮೊದಲು ಹಬ್ಬಕ್ಕೆ ಸೇವಂತಿಗೆ ತರುತ್ತಿದ್ದರು, ಆಮೇಲೆ ಅದೂ ನಿಂತಿತು. ಏಳೆಂಟು ವರ್ಷದ ನಂತರ ಕೆ.ಆರ್.ಪುರದ ಹುಡುಗ, ಈಗ ಹೊಟ್ಟೆ ಬಂದ ಗಂಡಸು, ನಮ್ಮ ಮನೆ ಹುಡುಕಿಕೊಂಡು ಬಂದ. ಸಾರ್ ತೀರಿಕೊಂಡರು, ಕಾವಲು ಕೋಣೆಯ ಕುರ್ಚಿಯಲ್ಲೇ, ಮಣ್ಣಿಗೆ ನಾವು ಆರು ಜನ ಹೋಗಿದ್ದೆವು ಎಂದ. ಕಾಫಿ ಕುಡಿಯುತ್ತ, "ದೇವರಂಥ ಮನುಷ್ಯ ಆಂಟಿ. ಅದೊಂದು ಚಡ್ಡಿ ವಿಷಯದಲ್ಲಿ ತಪ್ಪು ಮಾಡ್ಬಿಟ್ರು ಪಾಪ. ಇಲ್ದಿದ್ರೆ ಟೀಮ್ ಉಳೀತಿತ್ತು. ಈಗ್ಲೂ ಸೇರಿದಾಗ ಅದನ್ನೇ ಮಾತಾಡ್ಕೊತೀವಿ" ಎಂದ.

ನಾನು ಅವನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದೆ. ಅವತ್ತೂ ಹೇಳಲಿಲ್ಲ.

ಆ ಆರು ಜನರಲ್ಲಿ ಯಾರಾದರೂ ಇದನ್ನು ಓದಿದರೆ ತಿಳಿಯಲಿ: ಬಿಸಿನೀರಿಗೆ ಹಾಕಿದವಳು ನಾನು. ಅವರು ಒಂದು ದಿನವೂ ಬಿಸಿನೀರು ಮುಟ್ಟಿದವರಲ್ಲ.

ಅವರನ್ನು ನೆನೆದಾಗ ಆ ಸಾವಿನ ಸುದ್ದಿಗಿಂತ ಮೊದಲು ಬರುವುದು ಅದೇ ಭಾನುವಾರದ ಸಂಜೆ. ಬಸ್ಸಿಳಿದು ಮನೆಗೆ ಬಂದೆವು. ಅವರು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ನಲ್ಲಿ ತಿರುಗಿಸಿದರು. ಎರಡೂ ಕೈ ನೀರಿಗೆ ಹಿಡಿದು, ಮೊಣಕೈವರೆಗೆ ತೊಳೆದು, ಮತ್ತೆ ತೊಳೆದು, ಎದ್ದು ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ದೀಪ ಹಚ್ಚಿ, ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ಅತ್ತೆಯ ಸೀರೆ ತೆಗೆದ ಮೇಲೆ ತಂತಿಯಲ್ಲಿ ಏನೂ ಉಳಿಯಲಿಲ್ಲ. ಅವರ ಕೋಣೆಯ ಕಿಟಕಿ ತೆರೆದೇ ಇತ್ತು.

ಎದುರು ಮನೆಯ ಆಂಟಿ ಮೆಣಸಿನಕಾಯಿ ಮೊರಕ್ಕೆ ಬಾಚಿಕೊಳ್ಳುತ್ತಿದ್ದವರು ತಲೆ ಎತ್ತಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದರು:

"ಏನಮ್ಮಾ, ಇವತ್ತು ತಂತಿ ಖಾಲಿ! ಕೊನೆಗೂ ಗೆದ್ದುಬಿಟ್ರಾ ನಿಮ್ ಕೋಚು?"